ಅರ ಹಿಡಿಯುವ ಮುನ್ನ ಅಳತೆ ಹಿಡಿಯಿರಿ

ದಿಂಬಂ ಘಾಟಿಯ 27 ತಿರುವು ಹತ್ತಿ, ಹಾಸನೂರು ದಾಟಿದರೆ ತಾಳವಾಡಿ ಸೀಮೆ. ಜಿಲ್ಲೆ ತಮಿಳುನಾಡಿನ ಈರೋಡು, ಮನೆಮಾತು ಕನ್ನಡ. ಗಾಳಿಮಳೆಗೆ ತೋಟದಲ್ಲಿ ಮರ ಉರುಳಿದರೆ ಈಗ ಕೈಗೆ ಬರುವುದು ಚೈನ್‌ಸಾ. ಅದರ ಕಸುವು ಕುಗ್ಗಿತೆಂದರೆ, ಸಿಲಿಂಡರಿನ ಪೋರ್ಟ್ ಉಜ್ಜಿಸಿದರೆ ಸರಿಹೋದೀತು ಎಂಬ ಆಸೆ ಹುಟ್ಟುತ್ತದೆ. ಆ ಆಸೆಗೆ ಆಧಾರವಿದೆ. ಆದರೆ ಅಳೆಯದೆ ಉಜ್ಜಿದರೆ ಕೆಡುವುದೇ ಹೆಚ್ಚು.

ಚೈನ್‌ಸಾದಲ್ಲಿರುವುದು ಟೂ-ಸ್ಟ್ರೋಕ್ ಎಂಜಿನ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯಜ್ಡಿ ಬೈಕುಗಳಲ್ಲಿದ್ದದ್ದೂ ಇದೇ ಜಾತಿಯದು. ಇದರಲ್ಲಿ ವಾಲ್ವ್ ಇರುವುದಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಪೋರ್ಟ್ ಎಂಬ ಕಿಂಡಿಗಳಿರುತ್ತವೆ, ಪಿಸ್ಟನ್ನೇ ಅವುಗಳ ಬಾಗಿಲು. ಒಂದು ಕಿಂಡಿ ಹೊಗೆ ಹೊರಬಿಡುತ್ತದೆ, ಒಂದು ಗಾಳಿ-ಪೆಟ್ರೋಲ್ ಮಿಶ್ರಣವನ್ನು ಪಿಸ್ಟನ್ನಿನ ಕೆಳಗಿನ ಕೋಣೆಗೆ ಎಳೆದುಕೊಳ್ಳುತ್ತದೆ. ಅಲ್ಲಿಂದ ಮಿಶ್ರಣ ಮೇಲಕ್ಕೆ ಹೋಗುವುದು ಪಕ್ಕದ ಟ್ರಾನ್ಸ್‌ಫರ್ ಕಿಂಡಿಗಳ ಮೂಲಕ. ಯಾವ ಕಿಂಡಿ ಎಷ್ಟು ಹೊತ್ತಿಗೆ ತೆರೆದು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದೇ ಪೋರ್ಟ್ ಟೈಮಿಂಗ್. ನಿಮಿಷಕ್ಕೆ 9000 ಸುತ್ತು ಓಡುವಾಗ ಹೊಗೆಕಿಂಡಿ ತೆರೆದಿರುವುದು ಸೆಕೆಂಡಿನ ಸಾವಿರದಲ್ಲಿ ಮೂರು ಭಾಗಕ್ಕೂ ಕಡಿಮೆ.

ಈ ಹೊತ್ತನ್ನು ಅಳೆಯುವುದು ಗಡಿಯಾರದಿಂದಲ್ಲ, ಡಿಗ್ರಿಯಲ್ಲಿ. 360 ಗೆರೆಗಳ ಚಕ್ರವೊಂದನ್ನು, ಪಿಸ್ಟನ್ ತಿರುಗಿಸುವ ಅಚ್ಚಾದ ಕ್ರ್ಯಾಂಕ್‌ನ ತುದಿಗೆ ಬಿಗಿದು, ಅಲುಗದ ತಂತಿಯೊಂದನ್ನು ಮುಳ್ಳಾಗಿ ನಿಲ್ಲಿಸುತ್ತಾರೆ. ಸ್ಪಾರ್ಕ್ ಪ್ಲಗ್ ಕಳಚಿ, ಅದರ ತೂತಿಗೆ ತಡೆಬೋಲ್ಟ್ ಹಾಕಿ, ಪಿಸ್ಟನ್ ತಾಗಿ ನಿಲ್ಲುವವರೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಬೇಕು. ಎರಡು ಅಂಕಿಗಳ ನಟ್ಟನಡುವೆ ಇರುವುದೇ ಪಿಸ್ಟನ್ನಿನ ತುತ್ತತುದಿ, ಅಂದರೆ ಸೊನ್ನೆ. ಬೋಲ್ಟ್ ತೆಗೆದು, ಸೈಲೆನ್ಸರ್ ಬಿಚ್ಚಿ, ಪ್ಲಗ್ಗಿನ ತೂತಿಗೆ ಟಾರ್ಚ್ ಹಿಡಿದು ಮೆಲ್ಲಗೆ ತಿರುಗಿಸಿ. ಹೊಗೆಕಿಂಡಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡ ಗಳಿಗೆಯ ಅಂಕಿಯನ್ನು ಬರೆದುಕೊಳ್ಳಿ.

ಅದು 103 ಬಂತೆನ್ನಿ. ಇಮ್ಮಡಿ ಮಾಡಿದರೆ 206. 360ರಿಂದ ಕಳೆದರೆ 154. ಸುತ್ತಿನಲ್ಲಿ ಇಷ್ಟು ಡಿಗ್ರಿ ಕಿಂಡಿ ತೆರೆದಿದೆ ಎಂದರ್ಥ. ಟ್ರಾನ್ಸ್‌ಫರ್ ಕಿಂಡಿ 122ಕ್ಕೆ ತೆರೆದರೆ ನಡುವೆ 19 ಡಿಗ್ರಿ ಅಂತರ. ಉರಿದ ಹೊಗೆಯ ಒತ್ತಡ ಇಳಿಯಲು ಸಿಗುವ ಬಿಡುವು ಇಷ್ಟೇ. ಈ ಬಿಡುವು ಸಾಲದಿದ್ದರೆ ಹೊಗೆ ಹೊಸ ಮಿಶ್ರಣದ ದಾರಿಗೇ ನುಗ್ಗುತ್ತದೆ.

ಹೊಗೆಕಿಂಡಿಯ ಮೇಲಂಚನ್ನು ಉಜ್ಜಿ ಎತ್ತರಿಸಿದರೆ ಅದು ಬೇಗ ತೆರೆಯುತ್ತದೆ. ಹೆಚ್ಚು ಸುತ್ತಿನಲ್ಲಿ ಕಸುವು ಬರುತ್ತದೆ, ಕಡಿಮೆ ಸುತ್ತಿನ ಎಳೆತ ಹೋಗುತ್ತದೆ. ದಪ್ಪ ದಿಮ್ಮಿ ಕೊಯ್ಯುವವರಿಗೆ ಬೇಕಾದದ್ದು ಆ ಎಳೆತವೇ. ಪಿಸ್ಟನ್ 34 ಮಿ.ಮೀ. ಓಡುವ ಎಂಜಿನ್ನಿನಲ್ಲಿ ಆ ಮೇಲಂಚಿನ 1 ಮಿ.ಮೀ. ಅಂದರೆ ಹೆಚ್ಚುಕಡಿಮೆ ಮೂರೂವರೆ ಡಿಗ್ರಿ. ಅದು ತೆರೆಯುವಾಗಲೂ ಮುಚ್ಚುವಾಗಲೂ ಲೆಕ್ಕಕ್ಕೆ ಬರುವುದರಿಂದ ಒಟ್ಟು ಏಳು. ಸಿಲಿಂಡರಿನ ಬುಡದ ಗ್ಯಾಸ್ಕೆಟ್ ತೆಗೆದರೆ ತಿರುಗುಮುರುಗು: ಹೊಗೆಕಿಂಡಿ ತಡವಾಗಿ ತೆರೆಯುತ್ತದೆ, ಒತ್ತಡ ಏರುತ್ತದೆ. ಆಗ ಪಿಸ್ಟನ್ನಿಗೂ ಮೇಲ್ಛಾವಣಿಗೂ ನಡುವೆ ಅರ್ಧ ಮಿ.ಮೀ. ಆದರೂ ಜಾಗ ಉಳಿದಿದೆಯೇ ಎಂದು ಸೋಲ್ಡರ್ ತಂತಿ ತೂರಿಸಿ, ಜಜ್ಜಿಸಿ, ಅದರ ದಪ್ಪ ಅಳೆದು ನೋಡಲೇಬೇಕು. ಉಜ್ಜಿದ ಅಂಚನ್ನು ನುಣುಪಾಗಿ ಇಳಿಜಾರು ಮಾಡದಿದ್ದರೆ ಪಿಸ್ಟನ್ನಿನ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ಒಳಗೋಡೆಯ ನಿಕ್ಕಲ್ ಅಥವಾ ಕ್ರೋಮ್ ಲೇಪ ಎದ್ದರೆ ಸಿಲಿಂಡರೇ ಹೋಯಿತು.

ಇನ್ನು ನಮ್ಮ ಬೆಟ್ಟದ ಮಾತು. ಸಾವಿರ ಮೀಟರ್ ಮೇಲೇರಿದರೆ ಗಾಳಿ ನೂರಕ್ಕೆ ಹತ್ತರಷ್ಟು ತೆಳುವಾಗುತ್ತದೆ. ಕೆಳಗೆ ಸತ್ಯಮಂಗಲದಲ್ಲಿ ಸರಿಹೊಂದಿಸಿದ ಯಂತ್ರ ಘಾಟಿ ಹತ್ತಿದ ಮೇಲೆ ಮಂಕಾದರೆ ಕಿಂಡಿಯ ತಪ್ಪಲ್ಲ, ಪೆಟ್ರೋಲ್ ಹೆಚ್ಚಾಗಿದೆ. ಅದಕ್ಕೆ ಮದ್ದು ಕಾರ್ಬುರೇಟರಿನ ಸ್ಕ್ರೂ, ಅರವಲ್ಲ. ಮೊದಲು ಗಾಳಿಜಾಲರಿ ತೊಳೆಯಿರಿ, ಸರಪಳಿಯ ಹಲ್ಲು ಮಸೆಯಿರಿ, ಸೈಲೆನ್ಸರಿನ ಮಸಿ ಕೆರೆಯಿರಿ. ಆಮೇಲೂ ಸೊರಗಿದ್ದರೆ ಅಂಕಿಗಳನ್ನು ಬರೆದಿಟ್ಟುಕೊಂಡು ಮೆಕ್ಯಾನಿಕ್ ಬಳಿ ಹೋಗಿ. ತಿರುಗಿಸಿದ ಸ್ಕ್ರೂ ಹಿಂದಕ್ಕೆ ಬರುತ್ತದೆ. ಉಜ್ಜಿಹೋದ ಲೋಹ ಬರುವುದಿಲ್ಲ.