ಕಂಡವರ ಹಾಡು

ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗಿಯ ಸುದ್ದಿ ಬಂದರೆ ನಮ್ಮ ಕಡೆಯ ಹೆಂಗಸರು ದನಿ ತಗ್ಗಿಸುತ್ತಾರೆ. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಸುದ್ದಿಗೂ ಅಷ್ಟು ತಗ್ಗಿಸುವುದಿಲ್ಲ. "ಹಾಡ್ಲಾಕ ಹೋಗ್ತಾಳಂತ ರೀ..." ಇಷ್ಟೇ ಮಾತು. ಉಳಿದದ್ದನ್ನು ಹುಬ್ಬು ಹೇಳುತ್ತದೆ. ನನ್ನ ಜಗಳವಿರುವುದು ಈ ಹುಬ್ಬಿನ ಜೊತೆಗೆ.

ನನ್ನ ತವರು ಹಲಬರ್ಗಾ. ಬೀದರಿನಿಂದ ಭಾಲ್ಕಿಗೆ ರೈಲಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ ಮರೆತುಬಿಡುವ ಸ್ಟೇಷನ್ನು. ನಾವು ಚಿಕ್ಕವರಿದ್ದಾಗ ಗಣಪತಿ ಕೂತರೆ ಒಂದು ರಾತ್ರಿ ಆರ್ಕೆಸ್ಟ್ರಾ ಖಾಯಂ. ಒಂದು ಕೀಬೋರ್ಡು, ಒಂದು ಢೋಲಕ್, ಸೀಟಿ ಹೊಡೆಯುವ ಮೈಕು, ಬೀದರಿನಿಂದ ಟೆಂಪೋದಲ್ಲಿ ಬಂದ ನಾಲ್ಕು ಗಂಡಸರು, ಒಬ್ಬ ಹುಡುಗಿ. ಅವಳು ಕನ್ನಡದ ಹಾಡು ಮುಗಿಸಿ ಹಿಂದಿಗೆ ಹೋಗುತ್ತಿದ್ದಳು. ಮುಂದಿನ ಸಾಲಿನ ಮುದುಕರು ಕೇಳಿದರೆ ಮರಾಠಿ, ಹಿಂದಿನವರು ಕೂಗಿದರೆ ತೆಲುಗು. ನಾಲ್ಕು ಭಾಷೆಯಲ್ಲಿ ಒಂದು ಊರನ್ನು ಮಧ್ಯರಾತ್ರಿಯವರೆಗೆ ಕೂಡಿಸಿ ಇಡುವುದು ಸಣ್ಣ ವಿದ್ಯೆಯೇ? ಆದರೆ ಮರುದಿನ ಬಾವಿಕಟ್ಟೆಯಲ್ಲಿ ಆಗುತ್ತಿದ್ದುದು ಅವಳ ದನಿಯ ಮಾತಲ್ಲ, ಅವಳ ಸೀರೆಯ ಮಾತು.

ಇದೆಲ್ಲ ಹಳೆಯ ಕತೆ ಅಂದುಕೊಂಡಿರಾ? ನಾನೀಗ ಇರುವ ಓಣಿಯಲ್ಲಿ ತಂದೆಯಿಲ್ಲದ ಒಂದು ಹುಡುಗಿ ಇದ್ದಾಳೆ. ಹಗಲು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ. ಗಣಪತಿ, ನಾಡಹಬ್ಬ, ರಾಜ್ಯೋತ್ಸವದ ದಿನಗಳಲ್ಲಿ ಒಂದು ತಂಡದ ಜೊತೆ ಹಾಡುತ್ತಾಳೆ. ಒಂದು ಹಾಡನ್ನು ಎರಡು ಸಲ ಕೇಳಿದರೆ ಮೂರನೆಯ ಸಲಕ್ಕೆ ಅವಳ ಬಾಯಲ್ಲಿ ಇರುತ್ತದೆ. ಅವಳಿಗೆ ಒಂದು ಸಂಬಂಧ ಬಂದಿತ್ತು, ಮಾತುಕತೆಯೂ ಮುಗಿದಿತ್ತು. ಯಾರೋ ಪುಣ್ಯಾತ್ಮರು ಅವಳು ವೇದಿಕೆಯ ಮೇಲೆ ಹಾಡುತ್ತಿರುವ ವಿಡಿಯೋವನ್ನು ಗಂಡಿನ ಮನೆಗೆ ಕಳಿಸಿದರು. ಅದರಲ್ಲಿ ಇದ್ದುದು ಹಾಡು, ಬೇರೇನಿಲ್ಲ. ಸಂಬಂಧ ಅಲ್ಲಿಗೇ ನಿಂತಿತು.

ಅದೇ ವರ್ಷ ನಮ್ಮ ಮನೆಯಲ್ಲೂ ಒಂದು ವಿಡಿಯೋ ತಿರುಗಾಡಿತು. ಬೆಂಗಳೂರಿನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗಳು ಮೂವರು ಹುಡುಗರ ಜೊತೆ ಸೇರಿ ಒಂದು ಬ್ಯಾಂಡ್ ಮಾಡಿಕೊಂಡಿದ್ದಾಳೆ. ಅಕ್ಟೋಬರ್ 31ರ ರಾತ್ರಿ, ಹ್ಯಾಲೋವೀನ್ ಎಂದು ಒಂದು ಪಬ್ಬಿನಲ್ಲಿ ಹಾಡಿದಳು. ಮುಖಕ್ಕೆ ಸುಣ್ಣದಂಥ ಬಿಳಿ ಬಣ್ಣ, ಕಣ್ಣಿನ ಸುತ್ತ ಕಪ್ಪು, ತಲೆಗೆ ಮಾಟಗಾತಿಯ ಟೊಪ್ಪಿಗೆ. ಹಾಡಿದ್ದೆಲ್ಲ ಇಂಗ್ಲಿಷ್ ಬ್ಯಾಂಡುಗಳ ಹಳೆಯ ಹಾಡು. ಚೆನ್ನಾಗಿಯೇ ಹಾಡಿದ್ದಾಳೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ವೈನಿ ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಫೋನು ಹಿಡಿದು ತೋರಿಸಿದ್ದೇ ತೋರಿಸಿದ್ದು. ಓಣಿಯ ಹುಡುಗಿಯ ಸಂಬಂಧ ಮುರಿದಾಗ "ಇನ್ನೇನಾಗ್ತದ ಮತ್ತ?" ಎಂದವರೂ ಇದೇ ವೈನಿ!

"ವೈನಿ, ಇಬ್ಬರೂ ಕಂಡವರ ಹಾಡೇ ಹಾಡ್ಯಾರಲ್ಲ?" ಎಂದೆ.

"ಇದು ಬ್ಯಾಂಡ್ ರೀ, ಅದು ಆರ್ಕೆಸ್ಟ್ರಾ" ಎಂದರು.

ನಗು ಬಂತು. ನಮ್ಮ ಕಡೆ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯ ಮುಂದೆ ಕೆಂಪು ಕೋಟು ತೊಟ್ಟು ಪಿಪಾಣಿ ಊದುವವರು. ಅವರಿಗೆ ಎಲೆ ಹಾಕುವುದು ಪಂಕ್ತಿಯೆಲ್ಲ ಎದ್ದ ಮೇಲೆ, ಅದೂ ಚಪ್ಪರದ ಹೊರಗೆ. ಅದೇ ಪದ ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಕಲಿತ ಕೂಡಲೇ ಮರ್ಯಾದಸ್ಥ ಆಗಿಬಿಟ್ಟಿತೇ?

ಈ ಹ್ಯಾಲೋವೀನನ್ನು ಬೈಯಲು ನಾನು ಕೂತಿಲ್ಲ. 'ಪರದೇಶಿ ಹಬ್ಬ, ನಮ್ಮ ಸಂಸ್ಕೃತಿ ಹಾಳು' ಎಂದು ಭಾಷಣ ಬಿಗಿಯುವವರು ಊರಿಗೆ ಸಾಕಷ್ಟಿದ್ದಾರೆ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ; ಅದರ ಹಿಂದಿನ ರಾತ್ರಿ ಇದು. ಬೇರು ಐರ್ಲೆಂಡ್, ಸ್ಕಾಟ್ಲೆಂಡಿನಲ್ಲಿದೆ. ಸುಗ್ಗಿ ಮುಗಿದು ಚಳಿ ಇಳಿಯುವ ಹೊತ್ತು, ಸತ್ತವರು ತಿರುಗಾಡುತ್ತಾರೆಂಬ ನಂಬಿಕೆ. ನಮ್ಮ ಮಹಾಲಯ ಅಮಾವಾಸ್ಯೆಗೆ ಬಹಳ ದೂರವೇನಲ್ಲ. ಸ್ಕಾಟ್ಲೆಂಡಿನ ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋದರೆ ಸುಮ್ಮನೆ ತಿಂಡಿ ಕೊಡುತ್ತಿರಲಿಲ್ಲವಂತೆ. ಒಂದು ಹಾಡನ್ನೋ ಪದ್ಯವನ್ನೋ ಹೇಳಿ ಗಳಿಸಬೇಕಿತ್ತು. ನಮ್ಮ ಉತ್ತರ ಕರ್ನಾಟಕದಲ್ಲಿ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಮನೆ ಮನೆಗೆ ಬರುವ ಹೆಂಗಸರೂ ಹಾಡಿಯೇ ಮೊರದಲ್ಲಿ ಕಾಳು ಪಡೆಯುವುದು. ಮೊಹರಂ ಬಂದರೆ ಹುಲಿವೇಷ. ವೇಷ, ರಾತ್ರಿ, ಹಾಡು ನಮಗೆ ಹೊಸದಲ್ಲ. ಎಷ್ಟೆಂದರೂ ಆ ಮಾಟಗಾತಿ ನಮ್ಮ ಮನೆಯ ಮಗಳು, ಅವಳು ಹಾಡಲಿ.

ಆದರೆ 'ಸ್ವಂತ ಹಾಡಲ್ಲ, ಕಾಪಿ ಹೊಡೆಯುತ್ತಾಳೆ' ಎಂದು ಓಣಿಯ ಹುಡುಗಿಯನ್ನು ಹಳಿಯುವ ನಮ್ಮ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಮಾತು. ಅಮೆರಿಕದಲ್ಲಿ ಫಿಶ್ ಎಂಬ ತಂಡವಿದೆ. 1994ರ ಅಕ್ಟೋಬರ್ 31ರಂದು ಬೀಟಲ್ಸ್‌ನ 1968ರ ಆಲ್ಬಮ್ಮೊಂದನ್ನು ಆದಿಯಿಂದ ಅಂತ್ಯದವರೆಗೆ ಹಾಡಿತು. ಅದಕ್ಕೆ 'ಸಂಗೀತದ ವೇಷ' ಎಂದು ಹೆಸರು. ಈಗ ಅಲ್ಲಿನ ಎಷ್ಟೋ ಊರುಗಳಲ್ಲಿ ಆ ರಾತ್ರಿ ಸಣ್ಣ ಬ್ಯಾಂಡಿನ ಹುಡುಗರು ತಮ್ಮ ಹಾಡು ಬದಿಗಿಟ್ಟು, ಹೆಸರಾದವರ ವೇಷ ತೊಟ್ಟು ಅವರ ಹಾಡು ಹಾಡುತ್ತಾರೆ. ಇನ್ನು ಆ ಬೀಟಲ್ಸ್ ಆದರೂ ಮೊದಲು ಏನಾಗಿದ್ದರು? 1960ರಿಂದ ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಗಟ್ಟಲೆ ಕಂಡವರ ಹಾಡು ಹಾಡಿ ಹೊಟ್ಟೆ ಹೊರೆದ ಆರ್ಕೆಸ್ಟ್ರಾ ಹುಡುಗರು. 1963ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 6 ಬೇರೆಯವರವು.

ಅಷ್ಟು ದೂರ ಏಕೆ ಹೋಗಬೇಕು? ಗಂಗೂಬಾಯಿ ಹಾನಗಲ್ಲರು ಹಾಡಿದ ಖಯಾಲುಗಳನ್ನು ಅವರೇ ಕಟ್ಟಿದ್ದರೇ? ಹದಿನೆಂಟನೆಯ ಶತಮಾನದಲ್ಲಿ ದಿಲ್ಲಿಯ ಮಹಮ್ಮದ್ ಶಾ ಬಾದಶಹನ ಆಸ್ಥಾನದಲ್ಲಿದ್ದ ಸದಾರಂಗನ ಬಂದಿಶುಗಳು ಇಂದಿಗೂ ಊರೂರಲ್ಲಿ ಹಾಡಲ್ಪಡುತ್ತವೆ, ಅವನ ಹೆಸರಿನ ಸಮೇತ. ಶ್ರಾವಣ ಬಂದರೆ ಭಾಲ್ಕಿಯಲ್ಲಿ, ಬಸವಕಲ್ಯಾಣದಲ್ಲಿ ನಾವು ಹಾಡುವ ವಚನಗಳು ನಮ್ಮವೇ? ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಹಾಡಿದರೆ ಕುರ್ಚಿ ಬಿಟ್ಟು ಎದ್ದು ಚಪ್ಪಾಳೆ ತಟ್ಟಿದೆವು. ಟಿವಿಯ ಸರಿಗಮಪದಲ್ಲಿ ಪುಟ್ಟ ಮಕ್ಕಳು ಹಾಡುವುದು ಪೂರಾ ಕಂಡವರ ಹಾಡು. ಅದಕ್ಕೆ ನಾವು ಕೊಡುವ ಹೆಸರು ಪ್ರತಿಭೆ. ಹಾಗಾದರೆ ಕಾಪಿ ಎಂಬ ಮಾತು ಬರೀ ನೆವ. ನಮ್ಮನ್ನು ಚುಚ್ಚುವುದು ಹಾಡು ಯಾರದೆಂಬುದಲ್ಲ. ಬಡವರ ಮನೆಯ ಹೆಣ್ಣು ದುಡ್ಡು ತೆಗೆದುಕೊಂಡು, ರಾತ್ರಿ ಹೊತ್ತು, ನಮ್ಮ ಕಣ್ಣೆದುರೇ ಹಾಡುತ್ತಾಳೆಂಬುದು.

ಗಂಗೂಬಾಯಿಯವರಿಗೇ ಇದು ತಪ್ಪಿರಲಿಲ್ಲ. ಚಿಕ್ಕಂದಿನಲ್ಲಿ ಬೀದಿಯಲ್ಲಿ ನಡೆದು ಹೋಗುವಾಗ 'ಗಾನೇವಾಲಿ' ಎಂದು ಜನ ಹೀಯಾಳಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. 2002ರಲ್ಲಿ ಪದ್ಮವಿಭೂಷಣ ಬಂತು, ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಟ್ಟರು. ಆದರೆ ಆ ಹೀಯಾಳಿಕೆ ಎಲ್ಲೂ ಹೋಗಲಿಲ್ಲ, ಓಣಿ ಬದಲಿಸಿ ಕೂತಿದೆ.

ನಮ್ಮ ಹುಡುಗಿ ರಾತ್ರಿ ಏನೇನು ಸಹಿಸಿ ಬರುತ್ತಾಳೆಂದು ಹುಬ್ಬು ಹಾರಿಸುವವರಿಗೆ ಗೊತ್ತಿದೆಯೇ? ಬಟ್ಟೆ ಬದಲಿಸಲು ಜಾಗವಿಲ್ಲ, ಟೆಂಪೋದ ಹಿಂದೆ ಚಾದರ ಹಿಡಿದು ಬದಲಿಸಬೇಕು. ಸಂಡಾಸಿನ ಮಾತಂತೂ ಕೇಳಲೇಬೇಡಿ. ಮಧ್ಯಾಹ್ನದಿಂದಲೇ ನೀರು ಕುಡಿಯುವುದಿಲ್ಲವಂತೆ. ಗಂಟಲೇ ಬಂಡವಾಳವಾದವಳು ನೀರು ಕುಡಿಯುವಂತಿಲ್ಲ! ಕುಡಿದವನೊಬ್ಬ ನೋಟು ಹಿಡಿದು ವೇದಿಕೆ ಹತ್ತುತ್ತಾನೆ. ಕೈಗೆ ಕೊಡುವುದಿಲ್ಲ, ತಲೆಯ ಮೇಲೆ ಸುಳಿಸುತ್ತಾನೆ, ಮೈಗೆ ತಾಗಿಸುತ್ತಾನೆ. ಮಂಡಳಿಯ ಹಿರಿಯರು ನಗುತ್ತ ಕೂತಿರುತ್ತಾರೆ. ಅವಳು ಹಾಡು ನಿಲ್ಲಿಸಿದರೆ ಆ ರಾತ್ರಿಯ ದುಡ್ಡಿಗೆ ಕತ್ತರಿ.

2013ರಲ್ಲಿ ಒಂದು ಕಾಯ್ದೆ ಬಂದಿದೆ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳ ಆಗದಂತೆ. ಕಚೇರಿಯವರಿಗೆ ಮಾತ್ರ ಎಂದುಕೊಂಡಿದ್ದೇವೆ. ಹತ್ತು ಮಂದಿಗಿಂತ ಕಡಿಮೆ ಜನರಿರುವ ಕೆಲಸದವರ ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಸಮಿತಿ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಹಾಡುವವಳಿಗೆ ವೇದಿಕೆಯೇ ಕೆಲಸದ ಜಾಗವಲ್ಲವೇ? ಇದನ್ನು ಅವಳಿಗೆ ಹೇಳುವವರು ಯಾರು? ನಾವೋ, ನೋಟು ಸುಳಿಸಿದವನೋ?

ಈಗಂತೂ ಎಷ್ಟೋ ಮಂಡಳಿಗಳು ಆರ್ಕೆಸ್ಟ್ರಾ ಬಿಟ್ಟು ಡಿಜೆ ತರಿಸುತ್ತಿವೆ. ಟ್ರ್ಯಾಕ್ಟರ್ ಮೇಲೆ ಗೋಡೆಯಂತೆ ಪೇರಿಸಿದ ಡಬ್ಬಗಳು. ಎದೆ ಅದುರುತ್ತದೆ, ತೊಟ್ಟಿಲ ಕೂಸು ಬೆಚ್ಚಿ ಏಳುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಕೂಡದೆಂದು 2000ದ ನಿಯಮವಿದೆ. ಹಬ್ಬಕ್ಕೆಂದು ಸರಕಾರ ಸಡಿಲಿಸಿದರೂ ಅದು ಮಧ್ಯರಾತ್ರಿಯವರೆಗೆ, ವರ್ಷದಲ್ಲಿ 15 ದಿನ ಮಾತ್ರ. ಯಾರು ಕೇಳುತ್ತಾರೆ? ಡಿಜೆಯೂ ಹಾಕುವುದು ಕಂಡವರ ಹಾಡನ್ನೇ ನೋಡಿ. ಆದರೆ ಡಬ್ಬಕ್ಕೆ ಶೀಲವಿಲ್ಲ, ಹಾಗಾಗಿ ಯಾರಿಗೂ ತಕರಾರಿಲ್ಲ. ಆರ್ಕೆಸ್ಟ್ರಾ ಇದ್ದಾಗ ಒಂದು ಬದಿಗೆ ಜಮಖಾನ ಹಾಸಿ ಹೆಂಗಸರನ್ನು ಕೂಡಿಸುತ್ತಿದ್ದರು. ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು, ಶೇಂಗಾ ತಿನ್ನುತ್ತ, ಚೀಟಿಯಲ್ಲಿ ಬೇಕಾದ ಹಾಡು ಬರೆದು ಕಳಿಸುತ್ತಿದ್ದೆವು. ಡಿಜೆಯ ಮುಂದೆ ಗಂಡಸರು ಕುಣಿಯುತ್ತಾರೆ. ನಾವು ಮಾಳಿಗೆಯ ಮೇಲೆ ನಿಂತು ಕಿವಿ ಮುಚ್ಚಿಕೊಂಡು ನೋಡುತ್ತೇವೆ. ಹಾಡುವವಳ ಜೊತೆಗೆ ಕೇಳುವವರನ್ನೂ ಎಬ್ಬಿಸಿ ಕಳಿಸಿದ್ದಾರೆ.

ಗಣಪತಿ ಪಟ್ಟಿ ಕೇಳಲು ಬರುವ ಹುಡುಗರು ಬಾಗಿಲು ಬಡಿಯುವುದು ಹಗಲು ಹೊತ್ತು, ಗಂಡಸರು ಕೆಲಸಕ್ಕೆ ಹೋದಾಗ. ದುಡ್ಡು ಕೊಡುವವರು ನಾವೇ. ಕೊಡುವ ಮುಂಚೆ ನಾಲ್ಕು ಮಾತು ಕೇಳಿ, ಅದರಲ್ಲಿ ನಾಚಿಕೆಯೇನು? ಯಾರನ್ನು ಹಾಡಲು ಕರೆಸುತ್ತೀರಿ? ಅವರಿಗೆ ಒಂದು ಕೋಣೆ, ಒಂದು ಕೊಡ ನೀರು, ಹೊರಗೆ ಹೋಗಲು ಒಂದು ಜಾಗ ಇದೆಯೇ? ನೋಟು ಹಿಡಿದು ವೇದಿಕೆ ಹತ್ತಿದವನನ್ನು ಕೆಳಗೆ ಇಳಿಸುವವರು ಯಾರು? ರಾತ್ರಿ ಅವಳನ್ನು ಮನೆ ಮುಟ್ಟಿಸುವವರು ಯಾರು? ಉತ್ತರ ಬರದಿದ್ದರೆ ದುಡ್ಡು ಡಬ್ಬಿಯಲ್ಲೇ ಇರಲಿ. ನಾನು ಕೇಳಿದಾಗ ಒಬ್ಬ ಹುಡುಗ "ಏನ್ ಕಾಕು, ನೀವೂ ಹಾಡ್ಲಾಕ ಬರ್ತೀರೇನು?" ಎಂದು ನಕ್ಕ. "ಬರ್ತೀನಪ್ಪಾ, ಮೊದಲು ಕೋಣಿ ತೋರ್ಸು" ಎಂದೆ. ತಲೆ ಕೆರೆದುಕೊಂಡು ಹೋದ.

ಹೋಗುವಾಗ ಕರಪತ್ರ ಕೊಟ್ಟು ಹೋದ. ಪೆಂಡಾಲು ಹಾಕಿದವರ ಹೆಸರಿದೆ, ಜನರೇಟರ್ ಕೊಟ್ಟವರ ಹೆಸರಿದೆ, ಪ್ರಸಾದಕ್ಕೆ ಬೆಲ್ಲ ಕೊಟ್ಟ ಅಂಗಡಿಯ ಹೆಸರು ದಪ್ಪ ಅಕ್ಷರದಲ್ಲಿದೆ. ಕೆಳಗೆ ರಸಮಂಜರಿ ಎಂದು ಬರೆದು ಕೀಬೋರ್ಡಿನವನ ಹೆಸರು ಹಾಕಿ, ಮುಂದೆ 'ಮತ್ತು ಸಂಗಡಿಗರು' ಎಂದು ಮುಗಿಸಿದ್ದಾರೆ. ಹಾಡುವ ಹುಡುಗಿ ಆ ಸಂಗಡಿಗರಲ್ಲಿ ಇದ್ದಾಳೆ.