ತೂತು ನೋಡಿ ಹೆಸರಿಡಬೇಡಿ

"ತೂತಿದ್ದರೆ ಆಕ್ಸ್‌ಫರ್ಡ್ ಸಾರ್, ಇಲ್ಲದಿದ್ದರೆ ಫಾರ್ಮಲ್." ಆರತಕ್ಷತೆಗೆ ಶೂ ಕೊಳ್ಳಲು ಬಂದ ಹುಡುಗನಿಗೆ ಅಂಗಡಿಯವರು ಹೇಳಿದ ಈ ಮಾತು ವಾರದಿಂದ ನನ್ನನ್ನು ಕಾಡುತ್ತಿದೆ. ಹೇಳಬೇಕಾದ್ದು ಇಷ್ಟೇ: ಅಲಂಕಾರ ಬೇರೆ, ಕಟ್ಟೋಣ ಬೇರೆ.

ತೂತುಗಳ ಚಿತ್ತಾರಕ್ಕೆ ಬ್ರೋಗ್ ಎಂದು ಹೆಸರು. ಅದು ಆಕ್ಸ್‌ಫರ್ಡ್ ಮೇಲೂ ಇರುತ್ತದೆ, ಡರ್ಬಿ ಮೇಲೂ ಇರುತ್ತದೆ. ನೋಡಬೇಕಾದ್ದು ಲೇಸಿನ ಬುಡವನ್ನು. ಲೇಸು ಪೋಣಿಸುವ ಎರಡು ಪಟ್ಟಿಗಳನ್ನು ಮುಂಭಾಗದ ಚರ್ಮದ ಅಡಿಗೆ ಸೇರಿಸಿ ಹೊಲಿದಿದ್ದರೆ ಆಕ್ಸ್‌ಫರ್ಡ್; ಮೇಲೆ ಕೂರಿಸಿ ಹೊಲಿದಿದ್ದರೆ ಡರ್ಬಿ. ಡರ್ಬಿಯ ಬಾಯಿ ಅಗಲಕ್ಕೆ ತೆರೆದುಕೊಳ್ಳುತ್ತದೆ, ಪಾದದ ಮೇಲ್ಭಾಗ ಉಬ್ಬಿದವರಿಗೆ ಅದೇ ಹಿತ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಹೇಳದಿದ್ದರೆ ಆ ಹುಡುಗ ಸಂಜೆಯಿಡೀ ಕಾಲು ನೋಯಿಸಿಕೊಂಡು ವೇದಿಕೆಯ ಮೇಲೆ ನಿಲ್ಲಬೇಕು.

ಬೂಟುಗಳಲ್ಲಿ ನನಗೆ ಪ್ರಿಯವಾದದ್ದು ಲೇಸೇ ಇಲ್ಲದ ಚೆಲ್ಸಿ. ಲಂಡನ್ನಿನ ಜೋಸೆಫ್ ಸ್ಪಾರ್ಕ್ಸ್ ಹಾಲ್ ವಿಕ್ಟೋರಿಯಾ ರಾಣಿಗೆ ಎಲಾಸ್ಟಿಕ್ ಬದಿಯ ಇಂಥ ಬೂಟು ಮಾಡಿಕೊಟ್ಟವನು. ಆದರೆ ಕಚ್ಚಾ ರಬ್ಬರ್ ಬಿಸಿಲಿಗೆ ಅಂಟಾಗುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ಅದನ್ನು ಪಳಗಿಸಿದ. 1844ರಲ್ಲಿ ಪೇಟೆಂಟ್ ಪಡೆದ. 1860ರಲ್ಲಿ ಸಾಲದ ಹೊರೆ ಬಿಟ್ಟು ತೀರಿಕೊಂಡ. ಅದೇ ಹೆಸರಿನ ಅವನ ಮಗ ಹಿಡಿದದ್ದು ಹೊಲಿಗೆ ಯಂತ್ರದ ದಾರಿ. ಅವನ 1871ರ ಪೇಟೆಂಟ್‌ನಿಂದ ಬೆಳೆದದ್ದೇ ಗುಡ್‌ಇಯರ್ ವೆಲ್ಟ್.

ಅಪ್ಪ ಮಗನ ಈ ಕತೆಯ ಬೆನ್ನು ಹತ್ತಿದಾಗಲೇ ಹೊಳೆದದ್ದು, ಕೇಳಬೇಕಾದ ಪ್ರಶ್ನೆ ಶೂವಿನ ಹೆಸರಿನದಲ್ಲ, ಆಯುಸ್ಸಿನದು. ವೆಲ್ಟ್ ಎಂದರೆ ಶೂವಿನ ಅಂಚು ಸುತ್ತುವ ಸಪೂರ ಚರ್ಮದ ಪಟ್ಟಿ. ಮೇಲಿನ ಚರ್ಮವನ್ನೂ ಒಳ ಅಟ್ಟೆಯನ್ನೂ ಅದಕ್ಕೆ ಒಂದು ಹೊಲಿಗೆ ಹಿಡಿಯುತ್ತದೆ. ಹೊರ ಅಟ್ಟೆಗೆ ಬೇರೆಯದೇ ಹೊಲಿಗೆ. ಅಟ್ಟೆ ಸವೆದರೆ ಎರಡನೆಯದನ್ನಷ್ಟೇ ಬಿಚ್ಚಿ ಹೊಸದು ಕೂರಿಸಬಹುದು, ಮೇಲಿನ ಚರ್ಮಕ್ಕೆ ಸೂಜಿ ತಾಗುವುದಿಲ್ಲ. ಅಂಟು ಹಾಕಿದ ಶೂವಿಗೆ ಈ ಭಾಗ್ಯ ಕಡಿಮೆ; ಪಾಲಿಯುರೆಥೇನ್ ಅಟ್ಟೆಯಾದರೆ ನಮ್ಮ ಮಳೆಗಾಲದ ತೇವಕ್ಕೆ ಕಪಾಟಿನಲ್ಲಿದ್ದಲ್ಲೇ ಪುಡಿಯಾಗಬಹುದು.

ಅಂಟಿನ ಶೂಗಳ ಅಂಚಿಗೂ ಈಗ ತೋರಿಕೆಯ ಹೊಲಿಗೆ ಹಾಕುತ್ತಾರೆ. ತೂತಿನಂತೆ ಅದೂ ಬರೀ ಅಲಂಕಾರ. ಆದ್ದರಿಂದ ಕೊಳ್ಳುವ ಮುನ್ನ ಒಂದೇ ಮಾತು ಕೇಳಿ: "ಇದರ ಅಟ್ಟೆ ಬದಲಾಯಿಸಲು ಬರುತ್ತದೆಯೇ?" ಬರುತ್ತದೆ ಎಂದರೆ ಎಷ್ಟು ಬೆಲೆ ಕೊಡಬಹುದೆಂದು ನಿರ್ಧರಿಸುವುದು ಸುಲಭ.