ಹಿತ್ತಲಿನ ಜೇಡ, ಮನೆಯ ಎಚ್ಚರ

ಕನ್ನಡ ನಾಡಿನ ಗೃಹಿಣಿಗೆ ಜೇಡವೆಂದರೆ ಗೋಡೆಯ ಅಂದಗೆಡಿಸುವ ಉಪದ್ರವವೇ ಹೊರತು ಪ್ರಾಣಭಯವಲ್ಲ. ಪೊರಕೆಯ ಒಂದೇಟಿಗೆ ಅದರ ಕಥೆ ಮುಗಿಯುತ್ತದೆ. ಆದರೆ ಮಗನೋ ಮಗಳೋ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಸಂಸಾರ ಹೂಡಿದ್ದು, ಮೊಮ್ಮಕ್ಕಳನ್ನು ಕಾಣಲು ಅಲ್ಲಿಗೆ ಹೊರಟ ತಾಯಿ ಇಷ್ಟನ್ನು ಅರಿತಿರುವುದು ಲೇಸು.

ಅಲ್ಲಿ ಅಂಜಬೇಕಾದ ಜೇಡಗಳು ಮುಖ್ಯವಾಗಿ ಎರಡು. ಆಲಿಕೆಯಾಕಾರದ ಬಲೆ ನೇಯುವ, ಹೊಳೆವ ಕಪ್ಪು ಬಣ್ಣದ ‘ಫನಲ್ ವೆಬ್’ ತೇವದ ನೆಲದಲ್ಲಿ, ಕಲ್ಲು ದಿಮ್ಮಿಗಳ ಕೆಳಗೆ ವಾಸಿಸುತ್ತದೆ. ನವೆಂಬರಿನಿಂದ ಏಪ್ರಿಲಿನವರೆಗಿನ ಬೆಚ್ಚನೆಯ ತಿಂಗಳುಗಳಲ್ಲಿ ಗಂಡು ಜೇಡವು ಹೆಣ್ಣನ್ನರಸಿ ರಾತ್ರಿ ಸಂಚಾರ ಹೊರಡುತ್ತದೆ. ಬೆಳಗಿನ ಹೊತ್ತಿಗೆ ಪಾದರಕ್ಷೆಯಲ್ಲೋ ನೆಲದ ಮೇಲಿನ ಬಟ್ಟೆಯಲ್ಲೋ ಅಡಗಿರುವುದುಂಟು. ಹೆಣ್ಣಿಗಿಂತ ಈ ಗಂಡಿನ ವಿಷವೇ ಮನುಷ್ಯನಿಗೆ ಘಾತಕ. ಬೆನ್ನಿನ ಮೇಲೆ ಕೆಂಪು ಪಟ್ಟಿಯುಳ್ಳ ಹೆಣ್ಣು ‘ರೆಡ್‌ಬ್ಯಾಕ್’ ಹೂಕುಂಡ, ತೋಟದ ಕುರ್ಚಿಗಳ ಅಡಿಯ ಒಣ ಮೂಲೆಗಳನ್ನು ಆಶ್ರಯಿಸುತ್ತದೆ.

ಕೀಟನಾಶಕವನ್ನು ಸಿಂಪಡಿಸಿದೊಡನೆ ಕಾಟ ತೀರಿತೆಂದು ಭಾವಿಸಲಾಗದು. ಬಿಲದಾಳದ ಜೇಡಕ್ಕೆ ಅದು ತಲುಪುವುದು ಕಷ್ಟ. ಒಂದು ಸತ್ತ ತಾಣಕ್ಕೆ ಮತ್ತೊಂದು ಬಂದು ಸೇರಬಹುದು. ಬಾಗಿಲ ಕೆಳಗಿನ ಸಂದನ್ನು ಮುಚ್ಚುವುದು, ಕಿಟಕಿಗೆ ಜಾಲರಿ ಹಾಕಿಸುವುದು, ಗೋಡೆಯ ಬುಡದಲ್ಲಿ ಸೌದೆ, ಇಟ್ಟಿಗೆ, ಕಸಕಡ್ಡಿಗಳನ್ನು ಒಟ್ಟದಿರುವುದು, ಇವೇ ನಿಜವಾದ ರಕ್ಷಣೆ. ತೋಟದ ಕೆಲಸಕ್ಕೆ ಕೈಚೀಲ ಬೇಕು. ಪಾದರಕ್ಷೆಯನ್ನು ಕೊಡವಿಯೇ ಮೆಟ್ಟಬೇಕು. ಈಜುಕೊಳದ ತಳದಲ್ಲಿ ಸತ್ತಂತೆ ಬಿದ್ದಿರುವ ಫನಲ್ ವೆಬ್ ಗಂಟೆಗಟ್ಟಲೆ ಜೀವ ಹಿಡಿದಿರಬಲ್ಲದೆಂಬುದನ್ನು ಮಕ್ಕಳಿಗೆ ತಪ್ಪದೆ ತಿಳಿಸಬೇಕು.

ದೊಡ್ಡ ಕಪ್ಪು ಜೇಡ ಕಚ್ಚಿದರೆ ಅದನ್ನು ಫನಲ್ ವೆಬ್ ಎಂದೇ ಭಾವಿಸಬೇಕು. ಕಚ್ಚಿದ ಕೈಕಾಲಿಗೆ ಉದ್ದಕ್ಕೂ ಬಿಗಿಯಾಗಿ ಪಟ್ಟಿ ಸುತ್ತಿ, ಅಲುಗಾಡದಂತೆ ದಬ್ಬೆ ಕಟ್ಟಿ, ರೋಗಿಯನ್ನು ನಡೆಸದೆ, ಕೂಡಲೇ 000 ಸಂಖ್ಯೆಗೆ ಕರೆಮಾಡಿ ಆಂಬ್ಯುಲೆನ್ಸ್ ತರಿಸಬೇಕು. ರೆಡ್‌ಬ್ಯಾಕ್ ಕಚ್ಚಿದರೆ ಪಟ್ಟಿ ಕಟ್ಟಲಾಗದು. ತಣ್ಣನೆಯ ಒತ್ತಡವಿಟ್ಟು ವೈದ್ಯರನ್ನು ಕಾಣಬೇಕು.

ರೆಡ್‌ಬ್ಯಾಕ್ ವಿಷಕ್ಕೆ ಪ್ರತಿವಿಷವು 1956ರಲ್ಲೇ ದೊರೆತಿತ್ತು. ಫನಲ್ ವೆಬ್ಬಿಗೆ ಮಾತ್ರ ಬಹುಕಾಲ ಮದ್ದಿರಲಿಲ್ಲ. 1927ರಿಂದ 1980ರವರೆಗೆ 13 ಸಾವುಗಳು ದಾಖಲಾದವು, ಅವುಗಳಲ್ಲಿ ಹಸುಳೆಗಳದೂ ಇದ್ದವು. ಡಾಕ್ಟರ್ ಸ್ಟ್ರುವಾನ್ ಸದರ್ಲೆಂಡರ ಪರಿಶ್ರಮದಿಂದ 1981ರಲ್ಲಿ ಪ್ರತಿವಿಷವು ಬಳಕೆಗೆ ಬಂದ ಮೇಲೆ ಅಂತಹ ಒಂದು ಸಾವೂ ದಾಖಲಾಗಿಲ್ಲ. ಆ ಮದ್ದಿಗೆ ಬೇಕಾದ ವಿಷವನ್ನು ಸಿಡ್ನಿಯ ಉತ್ತರಕ್ಕಿರುವ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕಿನಲ್ಲಿ ಜೀವಂತ ಜೇಡಗಳಿಂದ ತೆಗೆಯುತ್ತಾರೆ. ಅವುಗಳಲ್ಲಿ ಅನೇಕವು ಆ ಊರಿನ ಗೃಹಸ್ಥರೇ ಜಾಡಿಯಲ್ಲಿ ಜೋಪಾನವಾಗಿ ಹಿಡಿದು ತಂದೊಪ್ಪಿಸಿದವು. ಮನೆಗೆ ಬಂದ ಶತ್ರುವು ಹೀಗೆ ನೆರೆಮನೆಯ ಮಗುವಿನ ಪ್ರಾಣ ಉಳಿಸುತ್ತದೆ.